ಮ್ಯೂಟ್‌ನಲ್ಲಿ ನೋಡಿದ ಹದಿನೆಂಟು ಪಂದ್ಯ

ಹದಿನೆಂಟು ಫುಟ್‌ಬಾಲ್ ಪಂದ್ಯಗಳನ್ನು ನಾನು ಸದ್ದಿಲ್ಲದೆ ನೋಡಿದೆ. ಬೇಕೆಂದೇ ಅಲ್ಲ. ಕ್ವಾಲಾಲಂಪುರದಿಂದ ಉತ್ತರಕ್ಕಿರುವ ಬಯಾನ್ ಲೆಪಾಸ್‌ನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಊಟದ ಮೇಜು ಇರುವುದು ಒಂದೇ. ಎರಡನೇ ಸಲ ಎಂಸಿಒ, ಅಂದರೆ ಇಲ್ಲಿನ ಲಾಕ್‌ಡೌನ್, ಬಂದು ಎಲ್ಲರೂ ಮನೆಯೊಳಗೆ ಕೂತ ಮೇಲೆ, ಮೇಜಿನ ಒಂದು ತುದಿಯಲ್ಲಿ ನನ್ನ ಗಂಡ ಬೆಳಗ್ಗಿನಿಂದ ಸಂಜೆಯವರೆಗೆ ತಮ್ಮ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯವರ ಜೊತೆ ಮೀಟಿಂಗ್ ನಡೆಸುತ್ತಿದ್ದರು. ಇನ್ನೊಂದು ತುದಿ ನನ್ನದು. ಮನೆಯಲ್ಲಿದ್ದ ಹೆಡ್‌ಫೋನೂ ಒಂದೇ, ಅದು ಅವರ ತಲೆಯ ಮೇಲೆ. ಆಟ ನೋಡುವುದಕ್ಕೆ ಕಣ್ಣು ಸಾಕು, ಕಿವಿ ಯಾಕೆ ಎಂದುಕೊಂಡು ಲ್ಯಾಪ್‌ಟಾಪಿನ ಸದ್ದು ಬಂದ್ ಮಾಡಿ ಕೂತೆ.

"ಏನಽ ಇದು, ದಿನಾ ಮೂಕಿ ಪಿಚ್ಚರ್ ನೋಡ್ಲಿಕತ್ತೀಯಲ್ಲ," ಎಂದು ಅವರು ಮೀಟಿಂಗಿನ ನಡುವೆ ಒಮ್ಮೆ ಇಣುಕಿ ನಕ್ಕರು. ಅವರು ಧಾರವಾಡದವರು, ನಾನು ಉಡುಪಿಯವಳು. ನಗುವುದರಲ್ಲಿ ಮಾತ್ರ ಅವರು ಯಾವತ್ತೂ ಮುಂದೆ.

ನಾನು ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ಈ ದೇಶದ ಉತ್ತರದ ರಾಜ್ಯಗಳ ಕಾಲೇಜುಗಳೆಲ್ಲ ಸೇರಿ ನಡೆಸುವ ಒಂದು ಫುಟ್‌ಬಾಲ್ ಲೀಗ್ ಇದೆ. ವರ್ಷದ ಅತ್ಯುತ್ತಮ ಆಟಗಾರನನ್ನು ಆರಿಸುವ ಮೂವರ ಸಮಿತಿಯಲ್ಲಿ ವೈದ್ಯಕೀಯ ಕಡೆಯಿಂದ ಒಬ್ಬರು ಇರಲೇಬೇಕೆಂದು ಅವರ ನಿಯಮ. ಆ ಸ್ಥಾನದಲ್ಲಿದ್ದವರು ಬೇರೆ ದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕಾಲೇಜಿನ ದಿನಗಳಲ್ಲಿ ನಾನು ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದೆ ಎಂಬ ಹಳೆಯ ಸುದ್ದಿ ಯಾರೋ ಕಿವಿಗೆ ಹಾಕಿದರು, ಅಷ್ಟೇ. ಒಂದು ಫೋನ್ ಕರೆಯಲ್ಲಿ ನಾನು ತೀರ್ಪುಗಾರ್ತಿಯಾದೆ.

ಹೊರಗಿನವರಿಗೆ ಇದೊಂದು ಕಪ್ ಕೊಡುವ ಕೆಲಸ ಅನ್ನಿಸಬಹುದು. ಕಪ್ ಯಾರಿಗೆ ಬೇಕಿತ್ತು? ಈ ಪ್ರಶಸ್ತಿ ಗೆದ್ದವನಿಗೆ ಕ್ವಾಲಾಲಂಪುರದ ಒಂದು ವಿಶ್ವವಿದ್ಯಾಲಯದಲ್ಲಿ ಕ್ರೀಡಾವಿಜ್ಞಾನ ಪದವಿಗೆ ನೇರ ಪ್ರವೇಶ ಸಿಗುತ್ತದೆ, ಮೂರು ವರ್ಷ, ಹಾಸ್ಟೆಲ್ ಸಮೇತ. ಬೇರೆ ವರ್ಷಗಳಲ್ಲಿ ಟ್ರಯಲ್ಸ್ ನಡೆಸಿ ಇನ್ನಷ್ಟು ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಟ್ರಯಲ್ಸ್ ಪೂರ್ತಿ ರದ್ದು. ಇದ್ದದ್ದು ಒಂದೇ ಸೀಟು, ಅದನ್ನು ಕೊಡುವವರು ನಾವು ಮೂವರು. ಡಿಪ್ಲೊಮಾದ ಕೊನೆಯ ಸೆಮಿಸ್ಟರಿನಲ್ಲಿರುವ ಹುಡುಗರಿಗೆ ಮರುವರ್ಷ ಎಂಬುದೇ ಇಲ್ಲ. ಮೊದಲ ಸಭೆಯಲ್ಲೇ ಅಧ್ಯಕ್ಷರು ಇದನ್ನು ಹೇಳಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಅವರು ಇಪ್ಪತ್ತೈದು ವರ್ಷ ಸೀಟಿ ಊದಿ ನಿವೃತ್ತರಾದ ಮಲಯ್ ರೆಫರಿ.

"ಯಾರಿಗೆ ಸೀಟು ಜಾಸ್ತಿ ಬೇಕು ಅಂತ ನೋಡೋದು ನಮ್ಮ ಕೆಲಸ ಅಲ್ಲ ಡಾಕ್ಟರ್. ಯಾರು ಚೆನ್ನಾಗಿ ಆಡಿದ್ರು, ಅಷ್ಟೇ. ಮನೆ ಕಥೆ ಕೇಳೋಕೆ ಶುರು ಮಾಡಿದ್ರೆ ಎಲ್ಲರದ್ದೂ ಕಥೆನೇ ಲಾ." ಮಾತಿನ ಕೊನೆಗೊಂದು 'ಲಾ' ಸೇರಿಸುವುದು ಇಲ್ಲಿನವರ ರೂಢಿ.

ಮೂರನೆಯವರು ಇಪೋ ಊರಿನ ಚೀನೀ ಮಹಿಳೆ, ಹುಡುಗಿಯರ ತಂಡಕ್ಕೆ ತರಬೇತಿ ಕೊಡುವವರು. ನಾನು ಮನಸ್ಸಿನಲ್ಲೇ ಅವರಿಗೆ ಕೋಚಮ್ಮ ಎಂದು ಹೆಸರಿಟ್ಟಿದ್ದೆ. ಮಾತು ಕಡಿಮೆ, ಆಡಿದರೆ ಕತ್ತರಿಸಿದ ಹಾಗೆ.

ಲೀಗ್ ನಡೆದದ್ದು ಎರಡು ಎಂಸಿಒಗಳ ನಡುವೆ ಸಿಕ್ಕ ಸಂದಿನಲ್ಲಿ, ಒಂದೇ ಮೈದಾನದಲ್ಲಿ, ಪ್ರೇಕ್ಷಕರಿಲ್ಲದೆ. ನಾವು ಮೂವರೂ ಒಂದು ಪಂದ್ಯವನ್ನೂ ಕಣ್ಣಾರೆ ಕಂಡವರಲ್ಲ. ಎಲ್ಲವೂ ರೆಕಾರ್ಡಿಂಗು. ಗ್ಯಾಲರಿಗೆ ಬೀಗ ಹಾಕಿದ್ದರಿಂದ ಮೈದಾನದ ಎಡ ಮೂಲೆಯಲ್ಲಿ ಕಬ್ಬಿಣದ ಅಟ್ಟ ಕಟ್ಟಿ ಒಂದೇ ಒಂದು ಕ್ಯಾಮೆರಾ ಇಟ್ಟಿದ್ದರು. ಅದು ಚೆಂಡು ಹೋದಲ್ಲಿ ಹೋಗುತ್ತಿತ್ತು. ಚೆಂಡಿಲ್ಲದ ಕಡೆ ಯಾರು ಏನು ಮಾಡಿದರೋ ದೇವರೇ ಬಲ್ಲ.

ಅಂಕದ ಹಾಳೆಯಲ್ಲಿ ಐದು ಅಂಕಣ: ದಾಳಿ, ರಕ್ಷಣೆ, ಶಿಸ್ತು, ಸ್ಥಿರತೆ, ಕೊನೆಯದು ತಂಡದ ಮೇಲಿನ ಪ್ರಭಾವ. ಪ್ರತಿಯೊಂದಕ್ಕೂ ಹತ್ತು ಅಂಕ. ಮೊದಲ ನಾಲ್ಕನ್ನು ನಾನು ಲ್ಯಾಬ್ ಕೆಲಸದಂತೆ ಮಾಡಿದೆ. ಪಂದ್ಯವನ್ನು ನಿಲ್ಲಿಸಿ, ಹಿಂದೆ ಓಡಿಸಿ, ಪ್ರತಿ ಪಾಸು, ಪ್ರತಿ ಟ್ಯಾಕಲ್ಲು, ಪ್ರತಿ ಫೌಲಿಗೂ ಗೀಟು ಎಳೆದೆ. ಒಂದು ಪಂದ್ಯಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಐದನೇ ಅಂಕಣ ಬಂದಾಗ ಮಾತ್ರ ಪೆನ್ನು ನಿಲ್ಲುತ್ತಿತ್ತು. ಪ್ರಭಾವವನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಎಲ್ಲರಿಗೂ ಆರೋ ಏಳೋ ಹಾಕಿ ಮುಂದೆ ಹೋದೆ. ಉಳಿದಿಬ್ಬರೂ ಹಾಗೇ ಮಾಡಿದ್ದರೆಂದು ಆಮೇಲೆ ಗೊತ್ತಾಯಿತು.

ಪ್ರತಿ ಕಾಲೇಜೂ ಮೂವರ ಹೆಸರು ಕಳಿಸಿತ್ತು. ಆ ಪಟ್ಟಿಯಲ್ಲಿಲ್ಲದ ಒಂದು ಹೆಸರನ್ನು, ಮೂವರೂ ಒಪ್ಪಿದರೆ, ಸಮಿತಿಯೇ ಸೇರಿಸಬಹುದಿತ್ತು. ಆ ನಿಯಮವನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ನನ್ನ ಹಾಳೆಯಲ್ಲಿ ನೀಲಿ ತಂಡದ ಒಂಬತ್ತನೇ ನಂಬರಿನ ಸ್ಟ್ರೈಕರ್ ಎಲ್ಲರಿಗಿಂತ ಮೇಲಿದ್ದ. ಲೀಗಿನಲ್ಲಿ ಅತಿ ಹೆಚ್ಚು ಗೋಲು ಅವನದೇ. ನೋಡುವುದಕ್ಕೂ ಚಂದ ಆಡುತ್ತಿದ್ದ.

ಆದರೂ ಒಂದು ವಿಷಯ ನನ್ನನ್ನು ಕಾಡತೊಡಗಿತು. ಕೆಡಾ ರಾಜ್ಯದ ಕಡೆಯ ಒಂದು ಸಣ್ಣ ಕಾಲೇಜಿನ ಹಳದಿ ತಂಡ ಫೈನಲ್‌ವರೆಗೆ ಬಂದು ನೀಲಿ ತಂಡಕ್ಕೆ ಒಂದೇ ಗೋಲಿನಿಂದ ಸೋತಿತ್ತು. ಆ ತಂಡದ ಯಾರಿಗೂ ನನ್ನ ಹಾಳೆಯಲ್ಲಿ ಒಳ್ಳೆಯ ಅಂಕವಿಲ್ಲ. ಓಟದಲ್ಲಿ ನಿಧಾನ, ಪಾಸಿನಲ್ಲಿ ಸಾಧಾರಣ. ಅಂಕ ಕೂಡಿಸಿ ನೋಡಿದರೆ ಅವರು ಮೊದಲ ವಾರವೇ ಮನೆಗೆ ಹೋಗಬೇಕಿತ್ತು. ಹಾಗಾದರೆ ಫೈನಲ್‌ಗೆ ಬಂದದ್ದು ಹೇಗೆ? ಲ್ಯಾಬಿನಲ್ಲಿ ಇಂಥ ಉತ್ತರ ಬಂದರೆ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ: ಎಲ್ಲೋ ಅಳತೆ ತಪ್ಪಿದೆ, ಮತ್ತೆ ನೋಡು.

ಆ ವಾರ ಗಂಡನಿಗೆ ಪಾಳಿಯ ಮೇಲೆ ಫ್ಯಾಕ್ಟರಿಗೆ ಹೋಗಲು ಅನುಮತಿ ಪತ್ರ ಬಂತು. ಹೆಡ್‌ಫೋನ್ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಫೈನಲ್ ಪಂದ್ಯ ಹಾಕಿ, ಅದನ್ನು ಕಿವಿಗೆ ಏರಿಸಿದೆ.

ಅಯ್ಯೋ ದೇವರೇ. ಇದು ಬೇರೆಯೇ ಪಂದ್ಯ!

ಖಾಲಿ ಮೈದಾನವಾದ್ದರಿಂದ ಚಪ್ಪಾಳೆ, ಡೋಲು, ಏನೂ ಇಲ್ಲ. ಬೂಟಿನ ಸದ್ದು, ಚೆಂಡಿನ ಸದ್ದು, ಅವೆಲ್ಲದರ ಮೇಲೆ ಒಂದು ದನಿ. ಒಂದೇ ದನಿ, ತೊಂಬತ್ತು ನಿಮಿಷವೂ. "ಕಿರಿ! ಕಿರಿ!" ಎಂದು ಕೂಗಿದರೆ ಹಳದಿ ತಂಡವಿಡೀ ಎಡಕ್ಕೆ ಸರಿಯುತ್ತಿತ್ತು. "ತುಂಗು! ತುಂಗು!" ಎಂದರೆ ಮುನ್ನುಗ್ಗುತ್ತಿದ್ದವನು ಗಕ್ಕನೆ ನಿಂತು ಕಾಯುತ್ತಿದ್ದ. ನಡುನಡುವೆ ತಮಿಳಿನಲ್ಲಿ "ವಿಡಾದೆ! ವಿಡಾದೆ!", ಬಿಡಬೇಡ ಎಂದು. ಸದ್ದಿಲ್ಲದೆ ನೋಡಿದಾಗ ಅದೃಷ್ಟದಂತೆ ಕಂಡಿದ್ದ ಎಷ್ಟೋ ಘಟನೆಗಳು ಈಗ ಅರ್ಥವಾದವು. ಸ್ಟ್ರೈಕರ್ ಚೆಂಡು ಪಡೆಯುವ ಮೊದಲೇ ಅಲ್ಲೊಬ್ಬ ಹಳದಿ ಹುಡುಗ ನಿಂತಿರುತ್ತಿದ್ದ, ಯಾಕೆಂದರೆ ಎರಡು ಕ್ಷಣ ಮುಂಚೆ ಆ ದನಿ ಅವನನ್ನು ಹೆಸರು ಹಿಡಿದು ಅಲ್ಲಿಗೆ ಕಳಿಸಿತ್ತು. ನಿಧಾನವಾಗಿ ಓಡುವ ಹುಡುಗರು ಮೊದಲೇ ಹೊರಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕೋಚ್ ಕೂಗುತ್ತಿರಬಹುದು ಎಂಬುದು ನನಗೆ ಬಂದ ಮೊದಲ ಅನುಮಾನ. ಅದನ್ನು ಪರೀಕ್ಷಿಸುವುದು ಸುಲಭವಿತ್ತು. ಕೋಚ್‌ಗಳ ಬೆಂಚು ಎರಡೂ ಅವಧಿಯಲ್ಲಿ ಒಂದೇ ಜಾಗದಲ್ಲಿರುತ್ತದೆ, ಕ್ಯಾಮೆರಾಕ್ಕೆ ದೂರದಲ್ಲಿ. ಮೊದಲ ಅವಧಿಯಲ್ಲಿ ಹಳದಿ ತಂಡ ಕಾಯುತ್ತಿದ್ದದ್ದು ಕ್ಯಾಮೆರಾದ ಬದಿಯ ಗೋಲನ್ನು, ಆಗ ಆ ದನಿ ಕಿವಿಯ ತಮಟೆ ಒಡೆಯುವಂತಿತ್ತು. ವಿರಾಮದ ನಂತರ ತಂಡಗಳು ಕಡೆ ಬದಲಾಯಿಸಿದವು, ದನಿಯೂ ಮೈದಾನದ ಆಚೆ ತುದಿಗೆ ಹೋಯಿತು. ಅಂದರೆ ದನಿಯ ಒಡೆಯ ಮೈದಾನದೊಳಗೇ ಇದ್ದಾನೆ, ರಕ್ಷಣೆಯ ಜಾಗದಲ್ಲಿ.

ಗೋಲ್‌ಕೀಪರ್! ಮತ್ತೆ ಯಾರು? ಹಾಕಿಯಲ್ಲಿ ನಾನು ಮಾಡುತ್ತಿದ್ದದ್ದೇ ಇದು. ಪ್ಯಾಡು ಕಟ್ಟಿಕೊಂಡು ಹಿಂದೆ ನಿಂತವಳಿಗೆ ಇಡೀ ಮೈದಾನ ಕಾಣುತ್ತದೆ, ಮುಂದಿನವರಿಗೆ ಬೆನ್ನ ಹಿಂದೆ ಕಾಣುವುದಿಲ್ಲ, ಆದ್ದರಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಪಂದ್ಯ ಮುಗಿದ ಮೇಲೆ ಎರಡು ದಿನ ದನಿಯೇ ಇರುತ್ತಿರಲಿಲ್ಲ. ಆ ಕೆಲಸಕ್ಕೆ ಯಾರೂ ನನಗೆ ಒಂದು ಮೆಚ್ಚುಗೆಯ ಮಾತು ಹೇಳಿದ್ದಿಲ್ಲ. ಹಳದಿ ತಂಡದ ಒಂದನೇ ನಂಬರಿನ ಕೀಪರ್ ಹೆಸರು ಪಟ್ಟಿಯಲ್ಲೂ ಇತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಅವರ ಏಳು ಪಂದ್ಯಗಳಲ್ಲಿ ಆ ಕೀಪರ್ ಆಡಿದ್ದು ಐದರಲ್ಲಿ. ಸೋಂಕಿತರ ಹತ್ತಿರ ಇದ್ದನೆಂದು ಎರಡು ಪಂದ್ಯ ಕ್ವಾರಂಟೈನ್‌ನಲ್ಲಿದ್ದ. ಐದನ್ನೂ ಹೆಡ್‌ಫೋನ್ ಹಾಕಿ ಕೇಳಿದೆ, ಐದರಲ್ಲೂ ಆ ದನಿ ಇತ್ತು. ಉಳಿದೆರಡರಲ್ಲಿ ಅವನೇ ಇಲ್ಲವಲ್ಲ, ಕೇಳಿ ಏನು ಪ್ರಯೋಜನ ಎಂದು ಬಿಟ್ಟುಬಿಟ್ಟೆ. ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ನಾನು ಪ್ರಯೋಗದ ಪುಸ್ತಕವನ್ನು ಮುಖದ ಮೇಲೆ ಎಸೆಯುತ್ತಿದ್ದೆ.

ಶುಕ್ರವಾರ ಬೆಳಗ್ಗೆ ವಿಡಿಯೊ ಸಭೆ. ನಾನು ವಕೀಲೆಯ ಹಾಗೆ ಮಾತಾಡಿದೆ. ಐದನೇ ಅಂಕಣವನ್ನು ನಾವೆಲ್ಲ ಹೇಗೆ ತೇಲಿಸಿಬಿಟ್ಟೆವೆಂದು ಹೇಳಿ, ದನಿಯ ತುಣುಕುಗಳನ್ನು ಕೇಳಿಸಿ, ಇದು ಕೀಪರ್ ಎಂದು ಘೋಷಿಸಿದೆ. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿ ತಲೆದೂಗಿದರು. ಕೋಚಮ್ಮನ ಮುಖದಲ್ಲಿ ಬದಲಾವಣೆಯಿಲ್ಲ.

"ಕೀಪರ್ ಅಂತ ನಿಮಗೆ ಹೇಗೆ ಗೊತ್ತು?" ಎಂದರು.

"ನಾನೂ ಕೀಪರ್ ಆಗಿದ್ದೆ. ಗೊತ್ತಾಗುತ್ತೆ."

"ಹ್ಞೂಂ," ಎಂದರು ಅವರು. "ನನ್ನ ವೋಟು ಸ್ಟ್ರೈಕರ್‌ಗೆ."

ಎರಡಕ್ಕೆ ಒಂದರಂತೆ ಕೀಪರ್ ಗೆದ್ದ. ಲೀಗಿನ ಕಾರ್ಯದರ್ಶಿ ನಡಾವಳಿ ಬರೆದುಕೊಂಡು, ಪತ್ರವನ್ನು ಇವತ್ತೇ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಕಳಿಸುತ್ತೇನೆಂದು ಹೇಳಿ ಹೊರಟರು. ನಾನು ಗಂಡನಿಗೆ ಫೋನ್ ಮಾಡಿ, ಬರುವಾಗ ಮಮಕ್ ಹೋಟೆಲಿನಿಂದ ರೊಟ್ಟಿ ಚನಾಯ್ ಪಾರ್ಸೆಲ್ ಮಾಡಿಸಿಕೊಂಡು ಬನ್ನಿ, ಇವತ್ತು ನಾನು ಅಡಿಗೆ ಮಾಡುವುದಿಲ್ಲ ಎಂದೆ.

ಶನಿವಾರ ಮಧ್ಯಾಹ್ನ ಬೀನ್ಸ್ ಹೆಚ್ಚುತ್ತ ಕೂತಿದ್ದೆ. ಸುಮ್ಮನೆ ಏನಾದರೂ ಕೇಳೋಣವೆಂದು ಹಳದಿ ತಂಡದ ಉಳಿದ ಎರಡು ಪಂದ್ಯಗಳಲ್ಲಿ ಒಂದನ್ನು ಹಾಕಿದೆ. ಗೋಲಿನಲ್ಲಿ ಬದಲಿ ಕೀಪರ್, ಇಪ್ಪತ್ತೊಂದನೇ ನಂಬರ್, ಬೆದರಿದ ಹುಡುಗ. ಎರಡು ನಿಮಿಷ ಕಳೆದಿರಬಹುದು.

"ಕಿರಿ! ಕಿರಿ!"

ಚಾಕು ಕೈಯಲ್ಲೇ ನಿಂತಿತು. ಅದೇ ದನಿ. ಅದೇ ತಮಿಳು, ಅದೇ ಮಲಯ್, ಅದೇ ಒರಟು. ನಾನು ಹೆಸರಿಸಿದ ಕೀಪರ್ ಆ ದಿನ ಎಲ್ಲೋ ಹಾಸ್ಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಬೀನ್ಸ್ ಅಲ್ಲೇ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ.

ಈ ಸಲ ಗೋಲಿನ ಕಡೆ ನೋಡದೆ, ಕೂಗು ಬಂದ ಕ್ಷಣದಲ್ಲಿ ನಿಲ್ಲಿಸಿ, ಪರದೆಯ ಮೇಲಿದ್ದ ಒಬ್ಬೊಬ್ಬ ಹಳದಿ ಹುಡುಗನನ್ನೂ ನೋಡಿದೆ. ಕ್ಯಾಮೆರಾ ದೂರ, ಬಾಯಿ ಕಾಣುವುದಿಲ್ಲ. ಆದರೆ ಹತ್ತಿಪ್ಪತ್ತು ಸಲ ನಿಲ್ಲಿಸಿದ ಮೇಲೆ ಒಂದು ಕೈ ಕಂಡಿತು. ಪ್ರತಿ ಕೂಗಿಗೂ ಮುಂಚೆ ಮೇಲೆದ್ದು ಒಂದು ದಿಕ್ಕಿಗೆ ಚಾಚುವ ಬಲಗೈ. ಆರನೇ ನಂಬರು. ನಡು ರಕ್ಷಣೆಯಲ್ಲಿ ಆಡುವ ಕುಳ್ಳ, ಗಟ್ಟಿ ಹುಡುಗ. ನನ್ನ ಹಾಳೆಯಲ್ಲಿ ಅವನ ಹೆಸರೇ ಇರಲಿಲ್ಲ, ಅವನ ಕಾಲೇಜೇ ಅವನನ್ನು ಕಳಿಸಿರಲಿಲ್ಲ. ಎಪ್ಪತ್ತನೇ ನಿಮಿಷಕ್ಕೆ ಅವನ ಕಾಲಿಗೆ ಸೆಳೆತ ಬಂದು ಹೊರಗೆ ಹೋದ. ಆಮೇಲೆ ಮೈದಾನದಲ್ಲಿ ಬೂಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಉಳಿದ ಇಪ್ಪತ್ತು ನಿಮಿಷದಲ್ಲಿ ಹಳದಿ ತಂಡ ಎರಡು ಗೋಲು ಬಿಟ್ಟಿತು, ಎರಡು ಸಲವೂ ಯಾರೂ ಕಾಯದೆ ಬಿಟ್ಟ ಜಾಗದಿಂದ.

ಗಂಡ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಅರ್ಧ ಹೆಚ್ಚಿದ ಬೀನ್ಸನ್ನೂ ನನ್ನ ಮುಖವನ್ನೂ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತ ಒಂದು ಮಾತು ಬಾಯಿಗೆ ಬಂತು, ಈಗಲೂ ನಾಚಿಕೆಯಾಗುತ್ತದೆ: "ಕೀಪರ್ ಹುಡುಗನೂ ಏನು ಕೆಟ್ಟ ಆಟಗಾರ ಅಲ್ಲ. ಪತ್ರವೂ ಹೋಗಿ ಆಗಿದೆ. ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ?"

"ನಿನಗ ಗೊತ್ತಾಗೇದಲ್ಲ," ಎಂದರು. "ನಮ್ಮಲ್ಲಿ ತಪ್ಪು ಲಾಟ್ ಹೊರಗ ಹೋತು ಅಂದ್ರ ಏನ್ ಮಾಡ್ತೀವಿ? ಮೊದಲ ಫೋನ್ ಮಾಡಿ ಹೋಲ್ಡ್ ಹಾಕ್ತೀವಿ. ಲಾರಿ ಎಲ್ಲಿಗೆ ಹೋಗೇದ ಅನ್ನೋದು ಆಮೇಲಿಂದು. ಬೈಸ್ಕೊಳ್ಳೋದು ಅದರ ನಂತರದ್ದು."

ಬೈಸಿಕೊಳ್ಳುವುದೇ ನನಗೆ ಭಯ. ಸಮಿತಿಗೆ ಹೊಸಬಳು, ಹೊರದೇಶದವಳು, ನಿನ್ನೆ ಅಷ್ಟು ಜಂಬದಿಂದ ಗೊತ್ತಾಗುತ್ತೆ ಎಂದವಳು. ಆದರೆ ಆ ಕೈ ಮತ್ತೆ ಮತ್ತೆ ಕಣ್ಣ ಮುಂದೆ ಏಳುತ್ತಿತ್ತು. ಮರುವರ್ಷ ಎಂಬುದು ಅವನಿಗಿಲ್ಲದಿದ್ದರೆ? ಅಧ್ಯಕ್ಷರಿಗೆ ಫೋನ್ ಮಾಡಿ, ಪೀಠಿಕೆ ಏನೂ ಇಲ್ಲದೆ, ನಾನು ತಪ್ಪು ಹುಡುಗನ ಹೆಸರು ಹೇಳಿದೆ ಎಂದೆ.

"ಡಾಕ್ಟರ್, ಮಕಾನ್ ಆಯ್ತಾ?" ಎಂದರು.

"ಇಲ್ಲ ಸರ್."

"ಮೊದಲು ಊಟ ಮಾಡಿ. ನಾನು ಕಾರ್ಯದರ್ಶಿಗೆ ಹೇಳ್ತೀನಿ. ಅವನು ಶುಕ್ರವಾರ ಅಂದ್ರೆ ಶುಕ್ರವಾರನೇ ಕಳಿಸೋ ಮನುಷ್ಯ. ಪತ್ರ ಹೋಗಿದ್ರೆ ಕಷ್ಟ. ಆ ಹುಡುಗನಿಗೆ ಕೊಟ್ಟು ಕಿತ್ಕೊಳ್ಳೋಕೆ ಆಗಲ್ಲ."

ಕಾರ್ಯದರ್ಶಿ ಫೋನ್ ಎತ್ತಲಿಲ್ಲ. ರಾತ್ರಿಯವರೆಗೂ ಎತ್ತಲಿಲ್ಲ. ನಾನು ಊಟಕ್ಕೆ ಕೂತೆ. ಪತ್ರ ತೆರೆದು ಕುಣಿಯುತ್ತಿರುವ ಕೀಪರ್, ಅವನ ಮನೆಯವರು, ಅವನ ಫೋಟೊ ಹಾಕಿಕೊಂಡ ಕಾಲೇಜು, ಎಲ್ಲವೂ ಕಣ್ಣಿಗೆ ಕಟ್ಟಿದವು. ಒಬ್ಬನ ಸೀಟನ್ನು ಇನ್ನೊಬ್ಬನಿಗೆ ಕೊಟ್ಟವಳು, ಈಗ ಅವನಿಂದಲೂ ಕಿತ್ತುಕೊಳ್ಳಬೇಕೋ ಏನೋ.

ಭಾನುವಾರ ಹನ್ನೊಂದಕ್ಕೆ ಅಧ್ಯಕ್ಷರ ಕರೆ ಬಂತು. ಅವರ ದನಿಯಲ್ಲಿ ನಗು ಇತ್ತು. ಶುಕ್ರವಾರ ನಮ್ಮ ಸಭೆ ಮುಗಿದ ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಯ ಕಚೇರಿಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದು, ಎಲ್ಲರನ್ನೂ ಇದ್ದ ಹಾಗೇ ಎಬ್ಬಿಸಿ ಹೊರಗೆ ಕಳಿಸಿ, ಔಷಧಿ ಸಿಂಪಡಿಸಿ ಬೀಗ ಹಾಕಿದ್ದರು. ಕಾರ್ಯದರ್ಶಿ ಮನೆಯಲ್ಲಿ ಕ್ವಾರಂಟೈನ್. ಅವರ ಲ್ಯಾಪ್‌ಟಾಪ್, ಆಫೀಸಿನ ಫೋನು, ಸಹಿಯಾಗದ ಪತ್ರ, ಮೂರೂ ಬೀಗದ ಒಳಗೆ. ಪತ್ರ ಹೋಗಿರಲಿಲ್ಲ!

ನಾನು ಕುರ್ಚಿಯ ಮೇಲೆ ಕುಸಿದು ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಚೇರಿಯ ಸೋಂಕಿತರು ಆರಾಮವಾಗಿದ್ದಾರೆಯೇ ಎಂದು ಕೇಳುವುದು ನೆನಪಾದದ್ದು ಆಮೇಲೆ. ಆರಾಮವಾಗಿದ್ದರು, ಬರೀ ನೆಗಡಿಯಂತೆ. ಕೊರೊನಾದಿಂದ ಉಪಕಾರವಾಯಿತೆಂದು ಅನ್ನಿಸಿದ್ದು ಆ ಎರಡು ವರ್ಷದಲ್ಲಿ ಅದೊಂದೇ ಸಲ.

ಆದರೆ ಎರಡನೇ ಸಲ ತಪ್ಪುವ ಹಾಗಿರಲಿಲ್ಲ. ಕೈ ಎತ್ತಿದವನೇ ಕೂಗಿದವನು ಎಂಬುದಕ್ಕೆ ನನ್ನ ಕಣ್ಣೊಂದೇ ಸಾಕ್ಷಿ, ಅದರ ಬೆಲೆ ಎಷ್ಟೆಂದು ಆಗಲೇ ಗೊತ್ತಾಗಿತ್ತು. ಅಧ್ಯಕ್ಷರಿಗೆ ಅದನ್ನೇ ಹೇಳಿದೆ. ಅವರು ತಮ್ಮ ಹಣೆಯನ್ನೇ ಬಡಿದುಕೊಂಡ ಸದ್ದು ಫೋನಿನಲ್ಲಿ ಕೇಳಿಸಿತು.

"ರೆಫರಿಗಳು! ಮೈದಾನದ ಮಧ್ಯೆ ಇರೋರು ನಾವು ಲಾ. ಯಾರು ಕೂಗ್ತಾರೆ, ಯಾರು ಬೈತಾರೆ, ಎಲ್ಲ ನಮಗೆ ಕೇಳುತ್ತೆ. ನಮ್ಮನ್ನ ಯಾರೂ ಕೇಳೋದೇ ಇಲ್ಲ. ನೋಡಿ, ನಾನೇ ರೆಫರಿ, ನನಗೇ ಹೊಳೀಲಿಲ್ಲ."

ಹಳದಿ ತಂಡದ ಪಂದ್ಯಗಳನ್ನು ನಡೆಸಿದ ಮೂವರು ರೆಫರಿಗಳಿಗೆ ಅವರು ಬೇರೆಬೇರೆಯಾಗಿ ಫೋನ್ ಮಾಡಿ, ಯಾವ ಸುಳಿವೂ ಕೊಡದೆ, ಆ ತಂಡದಲ್ಲಿ ಬಾಯಿ ಯಾರದು ಎಂದಷ್ಟೇ ಕೇಳಿದರು. ಮೂವರೂ ಹೇಳಿದ್ದು "ಎನಾಮ್." ಮಲಯ್‌ನಲ್ಲಿ ಆರು. ಒಬ್ಬರಂತೂ, ಅವನ ಗಲಾಟೆ ತಡೆಯಲಾರದೆ ಮೂರು ಸಲ ಎಚ್ಚರಿಕೆ ಕೊಟ್ಟೆ ಎಂದು ಗೊಣಗಿದರಂತೆ.

ಮಂಗಳವಾರ ಮತ್ತೆ ಸಭೆ. ನಾನು ಎದುರಿಸಬೇಕಿದ್ದದ್ದು ಕೋಚಮ್ಮನನ್ನು. ತಪ್ಪು ಒಪ್ಪಿಕೊಂಡೆ. ನಾನು ಕೀಪರ್ ಆಗಿದ್ದರಿಂದ ಕೀಪರ್ ಎಂದುಕೊಂಡೆ, ಅವನು ಇಲ್ಲದ ಪಂದ್ಯಗಳನ್ನು ಕೇಳಲೇ ಇಲ್ಲ, ನೀವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ ಎಂದೆ.

"ಸರಿ," ಎಂದರು ಅವರು. "ಹಾಗಾದ್ರೆ ಸ್ಟ್ರೈಕರ್. ಮುಗೀತು."

ವಾದ ಮಾಡುವ ಯೋಗ್ಯತೆ ನನಗೆ ಉಳಿದಿರಲಿಲ್ಲ, ಅದು ನನಗೇ ಗೊತ್ತಿತ್ತು. ಹಾಗಾಗಿ ವಾದ ಮಾಡಲಿಲ್ಲ. ಅರ್ಧ ಗಂಟೆ ಕೊಡಿ, ನಾನು ಬಾಯಿ ಬಿಡುವುದಿಲ್ಲ ಎಂದೆ. ಆ ಪಂದ್ಯದಲ್ಲಿ ಆರನೇ ನಂಬರು ಹೊರಗೆ ಹೋಗುವ ಮೊದಲಿನ ಎಂಟು ನಿಮಿಷ, ಹೋದ ನಂತರದ ಎಂಟು ನಿಮಿಷ, ಎರಡನ್ನೂ ಹಾಕಿದೆ. ಚಿತ್ರವನ್ನು ಮುಚ್ಚಿ, ಸದ್ದು ಮಾತ್ರ. ಆಮೇಲೆ ಅದನ್ನೇ ಚಿತ್ರದ ಸಮೇತ.

ಮೊದಲ ಎಂಟು ನಿಮಿಷ ಕೋಚಮ್ಮ ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ದನಿ ನಿಂತು ಬರೀ ಬೂಟಿನ ಸದ್ದು ಶುರುವಾದಾಗ ನೆಟ್ಟಗಾದರು. ಚಿತ್ರ ಬಂದಾಗ ಮೊದಲ ಸಲ ಪರದೆಗೆ ಮುಖ ಹತ್ತಿರ ತಂದರು. ಗೋಲು ಬೀಳುವ ಮುಂಚೆಯೇ "ಅಲ್ಲಿ, ಅಲ್ಲಿ, ಆ ಜಾಗ!" ಎಂದು ಕೂಗಿಬಿಟ್ಟರು.

"ಅಯ್ಯೋ," ಎಂದರು ಮುಗಿದ ಮೇಲೆ. "ಹದಿನೈದು ವರ್ಷದಿಂದ ಇಂಥ ಒಬ್ಬಳನ್ನ ಹುಡುಕ್ತಾ ಇದ್ದೀನಿ. ಗೋಲು ಹೊಡೆಯೋರು ಸಿಗ್ತಾರೆ. ಹತ್ತು ಜನರನ್ನ ಆಡಿಸೋರು ಸಿಗಲ್ಲ ಲಾ. ಸ್ಟ್ರೈಕರ್ ಒಳ್ಳೆಯವನೇ. ಇವನು ಅವನಿಗಿಂತ ಒಳ್ಳೆಯವನು. ಸೇರಿಸಿ ಹೆಸರು."

ಮೂರಕ್ಕೆ ಮೂರು. ಸಮಿತಿ ಸೇರಿಸಿದ ಹೆಸರಾದ್ದರಿಂದ ಆ ಹುಡುಗನಿಗೆ ಸಮಿತಿಯವರೇ ಫೋನ್ ಮಾಡಿ, ಕೊನೆಯ ಸೆಮಿಸ್ಟರ್ ಮುಗಿಸಿದ್ದಾನೆಯೇ, ಸೀಟು ಒಪ್ಪುತ್ತಾನೆಯೇ ಎಂದು ಕೇಳಬೇಕಿತ್ತು. ಡಾಕ್ಟರ್, ಅದು ನಿಮ್ಮದೇ ಕೆಲಸ ಎಂದರು ಅಧ್ಯಕ್ಷರು. ಕೋಚಮ್ಮ ಕೈಬೀಸಿ ಹೊರಟೇ ಹೋದರು.

ನಂಬರಿಗಾಗಿ ಹಳದಿ ತಂಡದ ಕೋಚ್‌ಗೆ ಫೋನ್ ಮಾಡಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಆರಾ? ನಾನು ಅವನ ಹೆಸರು ಕಳಿಸೇ ಇಲ್ವಲ್ಲ ಮೇಡಂ. ಗೋಲು ಹೊಡೆದೋರದ್ದು ಕಳಿಸಿದೆ, ಕೀಪರ್‌ದು ಕಳಿಸಿದೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಬೇರೆ ದನಿಯಲ್ಲಿ ಹೇಳಿದರು: "ಬೇಗ ಮಾಡಿ ಮೇಡಂ. ಅವನು ಕೊನೆ ಸೆಮಿಸ್ಟರ್ ಮುಗಿಸಿ ಆಟ ಬಿಟ್ಟಾಯ್ತು. ಕ್ಲಾಂಗ್ ಬಂದರಿನಲ್ಲಿ ಯಾವುದೋ ಗೋದಾಮಿನ ಕೆಲಸ, ಸೋಮವಾರದಿಂದ. ಅನುಮತಿ ಪತ್ರನೂ ಬಂದಿದೆ ಅಂದ."

ಆ ನಂಬರಿಗೆ ಫೋನ್ ಮಾಡಿದೆ. ಹಲೋ ಎಂದ ದನಿ ಎಷ್ಟು ಮೆಲ್ಲಗಿತ್ತೆಂದರೆ, ಈ ಸಲವೂ ತಪ್ಪು ಹುಡುಗನನ್ನೇ ಹಿಡಿದೆನೋ ಎಂದುಕೊಂಡೆ. ಲೀಗಿನ ಸಮಿತಿಯ ಡಾಕ್ಟರ್ ಮಾತಾಡುತ್ತಿದ್ದೇನೆ ಎಂದೆ.

"ಸಾರಿ ಮೇಡಂ," ಎಂದ ತಕ್ಷಣ. ಇಂಗ್ಲಿಷಿನಲ್ಲಿ ಶುರು ಮಾಡಿ, ಗಾಬರಿಗೆ ತಮಿಳಿಗೆ ಇಳಿದ. "ತುಂಬ ಕೂಗ್ತೀನಿ, ಗೊತ್ತು. ರೆಫರಿ ಮೂರು ಸಲ ಹೇಳಿದ್ರು. ಬಾಯಿ ನಿಲ್ಲಲ್ಲ ಮೇಡಂ, ಆಟದಲ್ಲಿ ನಿಲ್ಲೋದೇ ಇಲ್ಲ. ತಪ್ಪು ನನ್ನೊಬ್ಬನದೇ. ಟೀಮ್‌ಗೆ ಏನೂ ಶಿಕ್ಷೆ ಬೇಡ. ಅವರು ಫೈನಲ್ ಆಡಿದ್ದಾರೆ, ಅದು ರೆಕಾರ್ಡ್‌ನಲ್ಲಿ ಇರ್ಲಿ."

ನೆರೆಯವರಿಂದ ಕಲಿತ ನನ್ನ ಹರಕು ತಮಿಳಿನಲ್ಲಿ, ಶಿಕ್ಷೆಯಲ್ಲಪ್ಪ, ಈ ವರ್ಷದ ಅತ್ಯುತ್ತಮ ಆಟಗಾರ ನೀನು, ಕ್ವಾಲಾಲಂಪುರದ ಸೀಟು ನಿನ್ನದು, ಆ ಕೂಗಿಗಾಗಿಯೇ ಎಂದೆ. ಲೈನ್ ಕಟ್ಟಾಯಿತೇನೋ ಎಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಅಮ್ಮಾ!"

ಮೇಜಿನ ಆಚೆ ತುದಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ ನನ್ನ ಗಂಡ ಬೆಚ್ಚಿಬಿದ್ದು ಅದನ್ನು ಕಿತ್ತು ತೆಗೆದರು. ನಾನು ನಗುತ್ತ, ಅಳುತ್ತ, ಏನೂ ಇಲ್ಲ ಎಂದು ಕೈಸನ್ನೆ ಮಾಡಿದೆ.

ಆ ಕಡೆ ಚಪ್ಪಲಿಯ ಸದ್ದು, ಹುಡುಗನ ತೊದಲು ಮಾತು, ಆಮೇಲೆ ಒಬ್ಬ ಹೆಂಗಸಿನ ದನಿ. ನಿಧಾನವಾಗಿ, ಒಂದೊಂದೇ ಮಾತು ಕೇಳಿದರು. ನಿಜವಾ ಡಾಕ್ಟರ್? ಮೂರು ವರ್ಷವಾ? ಹಾಸ್ಟೆಲಲ್ಲಿ ಊಟ ಇರುತ್ತಾ? ಪ್ರತಿಯೊಂದಕ್ಕೂ ಹೌದಮ್ಮ ಎಂದೆ.

"ಹಾಗಾದ್ರೆ ಸೋಮವಾರ ಪೋರ್ಟ್‌ಗೆ ಹೋಗೋದು ಬೇಡ್ವಾ?"

"ಬೇಡಮ್ಮ."

"ಅವನ ಬ್ಯಾಗ್ ಕಟ್ಟಿಟ್ಟಿದ್ದೀನಿ."

"ಬಿಚ್ಚಿಬಿಡಿ. ಕಾಲೇಜು ಶುರುವಾಗೋಕೆ ಇನ್ನೂ ಎರಡು ತಿಂಗಳಿದೆ."

"ಇರ್ಲಿ ಡಾಕ್ಟರ್," ಎಂದರು. "ಹಾಗೇ ಇಟ್ಟಿರ್ತೀನಿ."